ಕೊಡುವ ಮನಸ್ಸಿಲ್ಲದ ಮಾತು

*ಇಂದಿನ ಚಿಂತನ*



ಕಳೆದ ಭಾನುವಾರ ತ್ರಿಸರಣ ಪಂಚಶೀಲ ಮುಗಿಸಿ ಟೀ ಕುಡಿಯುತ್ತಿದ್ದಾಗ ಬಳಗದ ಹುಡುಗನೊಬ್ಬ ಕೇಳಿದ: "ಮೇಷ್ಟ್ರೇ, ಹೊಸ ಫೋನು ತಗೊಂಡೆ. ಎರಡು ಸಾವಿರ ಕ್ಯಾಶ್‌ಬ್ಯಾಕ್ ಬರುತ್ತೆ ಅಂದಿದ್ರು. ಮೂರು ತಿಂಗಳಾಯ್ತು. ಹೋಗಿ ಕೇಳಿದ್ರೆ, ಮೆಸೇಜಲ್ಲಿ ಬಂದ ಲಿಂಕನ್ನ ಹದಿನೈದು ದಿನದೊಳಗೆ ಒತ್ತಬೇಕಿತ್ತು ಅಂತಾರೆ. ಇದು ಎರಡನೇ ಶೀಲಕ್ಕೆ ಸೇರುತ್ತೋ, ನಾಲ್ಕನೇದಕ್ಕೋ?" ಎಲ್ಲರೂ ನಕ್ಕೆವು. ಹಿರಿಯರೊಬ್ಬರು, "ಷರತ್ತು ಓದ್ಕೋಬೇಕಿತ್ತು ಕಣಪ್ಪ" ಅಂದರು. ಮಾತು ಬೇರೆ ಕಡೆ ಹೊರಳಿತು.

ಮನೆಗೆ ಬಂದ ಮೇಲೂ ನನಗೆ ಅದೇ ಯೋಚನೆ. ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಎರಡನೆಯ ಶೀಲ. ಇಲ್ಲಿ ಹಣವನ್ನು ಅವನೇ ಕೈಯಾರೆ ಕೊಟ್ಟಿದ್ದಾನೆ. ಸುಳ್ಳಾಡುವುದಿಲ್ಲ ಎಂಬುದು ನಾಲ್ಕನೆಯದು. ಅಂಗಡಿಯವರ ಕಾಗದದಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಸಣ್ಣ ಅಕ್ಷರದಲ್ಲಿ ಎಲ್ಲವೂ ಬರೆದಿದೆ. ಹಾಗಾದರೆ ತಪ್ಪು ಎಲ್ಲಿ ಕೂತಿದೆ?

ಇದೇ ಬಗೆಯ ವ್ಯಾಪಾರ ಅಮೆರಿಕದಲ್ಲಿ ವರ್ಷಗಟ್ಟಲೆ ನಡೆದಿದೆ. ಅಲ್ಲಿನ ಕತೆ ಓದಿದರೆ ಇದರ ಒಳಗುಟ್ಟು ಚೆನ್ನಾಗಿ ಕಾಣುತ್ತದೆ. ಅಲ್ಲಿ ಇದಕ್ಕೆ ಮೇಲ್-ಇನ್ ರಿಬೇಟ್ ಎನ್ನುತ್ತಾರೆ, ಅಂದರೆ ಅಂಚೆಯ ಮೂಲಕ ಪಡೆಯುವ ರಿಯಾಯಿತಿ. ಫೋನಿನ ಬೆಲೆ ನೂರೈವತ್ತು ಡಾಲರ್ ಎಂದುಕೊಳ್ಳಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಐವತ್ತು. ಕೊಳ್ಳುವವರು ಮೊದಲು ನೂರೈವತ್ತನ್ನೂ ಕಟ್ಟಬೇಕು. ಆಮೇಲೆ ಡಬ್ಬಿಯ ಮೇಲಿನ ಬಾರ್‌ಕೋಡ್ ಕತ್ತರಿಸಿ, ಬಿಲ್ಲಿನ ಪ್ರತಿ ಲಗತ್ತಿಸಿ, ಫಾರಂ ತುಂಬಿ, ಹೇಳಿದ ದಿನಾಂಕದೊಳಗೆ ಅಂಚೆಗೆ ಹಾಕಬೇಕು. ವಾರಗಟ್ಟಲೆ ಕಾದರೆ ಉಳಿದ ನೂರು ಡಾಲರಿಗೆ ಚೆಕ್ಕು ಬರುತ್ತದೆ, ಬಂದರೆ. ಬಾರ್‌ಕೋಡ್ ಕತ್ತರಿಸಿದ ಡಬ್ಬಿಯನ್ನು ಸಾಮಾನ್ಯವಾಗಿ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಅಂದರೆ ರಿಯಾಯಿತಿ ಕೇಳಿದ ಕೂಡಲೇ ಸಾಮಾನು ಹಿಂದಿರುಗಿಸುವ ದಾರಿಯೂ ಮುಚ್ಚಿತು.

ವಾಷಿಂಗ್ಟನ್ನಿನ ಇನ್‌ಫೋನಿಕ್ ಎಂಬ ಕಂಪನಿ ಇಂಟರ್‌ನೆಟ್ಟಿನಲ್ಲಿ ಮೊಬೈಲ್ ಫೋನು ಮಾರುತ್ತಿತ್ತು. ರಿಬೇಟಿನ ವಿಷಯದಲ್ಲಿ ಗ್ರಾಹಕರಿಗೆ ಮೋಸವಾಗಿದೆಯೆಂದು 2006ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ಮರುವರ್ಷ ಫೆಡರಲ್ ಟ್ರೇಡ್ ಕಮಿಷನ್ ಕೂಡ ಅದೇ ದೂರು ಎತ್ತಿತು. ಅರ್ಜಿ ಹಾಕುವುದಕ್ಕೆ ಮುಂಚೆಯೇ ಗ್ರಾಹಕ ತಿಂಗಳುಗಟ್ಟಲೆ ಕಾಯಬೇಕು, ಫೋನಿನ ಬಿಲ್ಲುಗಳನ್ನು ಕೂಡಿಟ್ಟು ಕಳಿಸಬೇಕು ಎಂಬುದನ್ನು ಕೊಳ್ಳುವಾಗ ಸರಿಯಾಗಿ ತಿಳಿಸಿರಲಿಲ್ಲ ಎಂಬುದು ಆರೋಪ. ಕಂಪನಿ ರಾಜಿಗೆ ಒಪ್ಪಿಕೊಂಡಿತು. 2007 ಮುಗಿಯುವ ಮೊದಲೇ ದಿವಾಳಿ ಅರ್ಜಿಯನ್ನೂ ಹಾಕಿತು.

ಆದರೆ ನನ್ನನ್ನು ಕಾಡಿದ್ದು ಆ ಕಂಪನಿಯಲ್ಲ, ಈ ವ್ಯಾಪಾರದವರು ಬಳಸುವ ಎರಡು ಪದಗಳು. ಅರ್ಜಿ ಹಾಕಲು ಮರೆತವರು, ತಪ್ಪು ತುಂಬಿದವರು, ದಿನಾಂಕ ಮೀರಿದವರು, ಇವರೆಲ್ಲರ ಲೆಕ್ಕಕ್ಕೆ ಬ್ರೇಕೇಜ್ ಎನ್ನುತ್ತಾರೆ. ಚೆಕ್ಕು ಕೈಗೆ ಬಂದರೂ ಬ್ಯಾಂಕಿಗೆ ಹಾಕದವರ ಲೆಕ್ಕ ಸ್ಲಿಪೇಜ್. ಇಷ್ಟು ಜನ ಸೋಲುತ್ತಾರೆ ಎಂದು ಮೊದಲೇ ಅಂದಾಜು ಹಾಕಿ, ಆ ಅಂದಾಜಿನ ಮೇಲೆ ರಿಯಾಯಿತಿಯ ಮೊತ್ತ ನಿಗದಿ ಮಾಡುತ್ತಾರೆ. ಕೌಂಟರಿನಲ್ಲೇ ನೂರು ಡಾಲರ್ ಇಳಿಸಿದರೆ ಎಲ್ಲರಿಗೂ ಇಳಿಸಬೇಕು. ಅಂಚೆಯಲ್ಲಿ ಕೊಡುತ್ತೇನೆ ಅಂದರೆ ಕೆಲವರಿಗೆ ಕೊಟ್ಟರೆ ಸಾಕು.

ನಮ್ಮಲ್ಲೂ ಸಾಲಕ್ಕೆ ಮಾತು ಕೊಟ್ಟು ತಪ್ಪುವವರಿದ್ದಾರೆ. ಅವರಿಗೆ ಕೊಡುವ ಮನಸ್ಸಿತ್ತು, ಕೈಯಲ್ಲಿ ಆಗಲಿಲ್ಲ. ಇಲ್ಲಿ ತಿರುಗುಮುರುಗು. ಕೊಡುವ ಶಕ್ತಿ ಇದೆ, ಎದುರಿನವನು ಎಡವಲಿ ಎಂಬ ಆಸೆಯೂ ಇದೆ. ಬುದ್ಧ ಕರ್ಮದ ತೂಕವನ್ನು ಚೇತನದಲ್ಲಿ, ಅಂದರೆ ಸಂಕಲ್ಪದಲ್ಲಿ ಇಟ್ಟರು. ಆ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಹುಡುಗನ ಪ್ರಶ್ನೆಗೆ ಎರಡೂ ಉತ್ತರ ಸರಿ ಎಂದು ನನಗನಿಸುತ್ತದೆ. ಮಾತಿನಲ್ಲಿ ಸುಳ್ಳಿಲ್ಲ, ಮಾತು ಕೊಟ್ಟ ಮನಸ್ಸಿನಲ್ಲಿದೆ. ಹಣವನ್ನು ಕಿತ್ತುಕೊಂಡಿಲ್ಲ, ಮರೆವಿನಿಂದ ಎತ್ತಿಕೊಂಡಿದ್ದಾರೆ.

"ಓದಿಕೊಂಡವರಿಗೆ ಸಿಗುತ್ತದಲ್ಲ, ಅದರಲ್ಲೇನು ಅನ್ಯಾಯ?" ಎಂದು ಹಿರಿಯರು ಕೇಳಬಹುದು. ಸಿಗುತ್ತದೆ, ನಿಜ. ನಾನೂ ಒಮ್ಮೆ ಪಡೆದಿದ್ದೇನೆ, ಫಾರಂ ತುಂಬುವುದರಲ್ಲಿ ಮೇಷ್ಟ್ರುಗಳು ಗಟ್ಟಿಗರು. ಆದರೆ ಯಾರು ಮರೆಯುತ್ತಾರೆ ನೋಡಿ. ಎರಡು ಪಾಳಿ ದುಡಿಯುವವರು, ಬಾಡಿಗೆ ಮನೆ ಬದಲಿಸುತ್ತಲೇ ಇರುವವರು, ಆ ಭಾಷೆ ಬಾರದವರು, ಕಾಗದ ಜೋಪಾನ ಮಾಡಲು ಬೀರು ಇಲ್ಲದವರು. ಅವರು ಪೂರ್ತಿ ಬೆಲೆ ಕೊಟ್ಟದ್ದರಿಂದಲೇ ನನ್ನಂಥವನಿಗೆ ರಿಯಾಯಿತಿ ಸಿಕ್ಕಿತು. ಆ ದಿನ ನಾನು ಜಾಣ ಎಂದುಕೊಂಡಿದ್ದೆ.

ಇಲ್ಲಿಗೆ ಬರೆದು ನಿಲ್ಲಿಸಬಹುದಿತ್ತು. ಆದರೆ ಅರ್ಜಿ ತಿರಸ್ಕರಿಸುವ ಮೇಜಿನ ಹಿಂದೆ ಒಬ್ಬ ಗುಮಾಸ್ತನೂ ಇರುತ್ತಾನಲ್ಲ, ಸಂಬಳಕ್ಕೆ ದುಡಿಯುವ ಮನುಷ್ಯ. ಅವನ ಬಗ್ಗೆ ಯೋಚಿಸುತ್ತಾ ನನ್ನ ಮೇಜು ನೆನಪಾಯಿತು.

ಶಾಲೆಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ನೋಡಿಕೊಳ್ಳುವುದು ನಾನೇ. ಕಳೆದ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳ ಅರ್ಜಿ ಬಂತು. ಇನಿಷಿಯಲ್ ಆಧಾರಿನಲ್ಲಿ ಹೆಸರಿನ ಮುಂದಿತ್ತು, ಶಾಲಾ ದಾಖಲೆಯಲ್ಲಿ ಹಿಂದಿತ್ತು. ಅವಳ ತಾಯಿ ಬಂದಾಗ, "ಸರಿ ಮಾಡಿಸ್ಕೊಂಡು ಬಾರಮ್ಮ, ಆದಾಯ ಪ್ರಮಾಣಪತ್ರದ ಅವಧಿನೂ ಮುಗಿದಿದೆ, ಅದನ್ನೂ ನಾಡಕಚೇರೀಲಿ ಹೊಸದು ತಗೋ" ಅಂದೆ. ಆ ತಾಯಿ, "ಎಷ್ಟು ದಿನ ಆಯ್ತದೆ ಸಾ?" ಎಂದು ಕೇಳಿದಳು. ಕೂಲಿ ಬಿಟ್ಟು ಬಂದಿದ್ದಳು. "ಹೋಗಿ ಬಂದ್ರೆ ಆಯ್ತು" ಅಂದೆ. ನಿಯಮದ ಪ್ರಕಾರ ನಾನು ಹೇಳಿದ್ದೆಲ್ಲ ಸರಿ. ಅವಳು ಮತ್ತೆ ಬರಲಿಲ್ಲ. ಕೊನೆಯ ದಿನಾಂಕ ಕಳೆಯಿತು.

ಅವಳು ಎಡವಲಿ ಎಂದು ನಾನು ಬಯಸಿರಲಿಲ್ಲ. ಅಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆದರೆ ಆ ಸಂಜೆ ಪೋರ್ಟಲ್ ಮುಚ್ಚಿದಾಗ, ಒಂದು ತಲೆನೋವು ಕಡಿಮೆಯಾಯಿತಲ್ಲ ಎಂದು ಮನಸ್ಸು ಹಗುರಾಗಿದ್ದು ನೆನಪಿದೆ. ಆ ಹಗುರವನ್ನು ಯಾವ ಲೆಕ್ಕಕ್ಕೆ ಹಾಕಲಿ? ಕಂಪನಿಯವರ ಬಳಿಯಾದರೂ ಅದಕ್ಕೊಂದು ಹೆಸರಿದೆ.

ಹುಡುಗನಿಗೆ ಬಿಲ್ಲು, ಜಾಹೀರಾತಿನ ಫೋಟೋ, ಆ ಮೆಸೇಜು ಮೂರನ್ನೂ ಬರುವ ಭಾನುವಾರ ತರಲು ಹೇಳಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬೇಕು. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಕಾಗದ ಬಿಸಾಡದೆ ಜೊತೆಗೆ ತನ್ನಿ. ಆ ಹುಡುಗಿ ಈಗ ಒಂಬತ್ತನೇ ತರಗತಿ. ಅವಳ ತಾಯಿಗೆ ಕೂಲಿ ಇಲ್ಲದ ದಿನ ಯಾವುದೆಂದು ಕೇಳಿಕೊಂಡು ಬಾ ಎಂದು ನಿನ್ನೆ ಹೇಳಿ ಕಳಿಸಿದೆ. ಆ ದಿನ ನಾನೂ ರಜೆ ಹಾಕಿ ನಾಡಕಚೇರಿಗೆ ಅವರ ಜೊತೆ ಹೋಗುತ್ತೇನೆ.