ಹೊಡೆದುಹಾಕಿದ ಸಾಲುಗಳು

ಊರು ಬಿಡಬೇಕೋ ಬೇಡವೋ ಎಂಬುದನ್ನು ಒಂದು ಹಾಳೆಯ ಮೇಲೆ ಕೂಡಿ ಕಳೆದು ತೀರ್ಮಾನಿಸಬಹುದು ಎಂದು ನಂಬಿದವರ ಜೊತೆ ನನಗೆ ಜಗಳವಿದೆ. ಅವರು ಕೆಟ್ಟವರಲ್ಲ, ಹೆಚ್ಚಿನವರು ನಮ್ಮ ಹಿತ ಬಯಸುವವರೇ. ಬೆಂಗಳೂರಿನಲ್ಲಿರುವ ನನ್ನ ಮೈದುನ ಅಂಥವನು. ಶಿಕಾರಿಪುರದ ಮನೆಗೆ ಬೀಗ ಹಾಕಿ ಮಗಳಿರುವ ಬೆಂಗಳೂರಿಗೆ ಹೋಗುವುದೋ ಇಲ್ಲೇ ಉಳಿಯುವುದೋ ಎಂದು ನಾವು ಯೋಚಿಸುತ್ತಿರುವುದು ತಿಳಿದ ಕೂಡಲೇ ಮೊಬೈಲಿಗೆ ಒಂದು ಎಕ್ಸೆಲ್ ಶೀಟ್ ಕಳಿಸಿದ. ಆಸ್ಪತ್ರೆ, ಬಾಡಿಗೆ, ನೀರು, ಮಗಳ ಹೆರಿಗೆ, ತೋಟ, ನೆಂಟರು, ಅಮ್ಮ. ಪ್ರತಿಯೊಂದರ ಮುಂದೆಯೂ ಹತ್ತಕ್ಕೆ ಇಷ್ಟು ಎಂದು ಅಂಕ ತುಂಬುವ ಖಾನೆ. “ಅತ್ತಿಗೆ, ಭಾವನೆಗೂ ಅಂಕ ಕೊಡಿ, ಬಿಡಬೇಡಿ. ಕೊನೆಗೆ ಟೋಟಲ್ಲೇ ಹೇಳುತ್ತೆ” ಎಂದ. ನನ್ನ ಅತ್ತೆ, ಅವನ ಹೆತ್ತ ತಾಯಿ, ಬಾಡಿಗೆ ನೀರಿನ ಜೊತೆ ಒಂದು ಸಾಲಾಗಿ ನಿಂತದ್ದನ್ನು ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟೇ ವಾದವಾಗುವುದಿಲ್ಲ. ಅದರೊಳಗೆ ಒಂದು ವಾದ ಇದೆಯೆಂದು ನನಗನ್ನಿಸುತ್ತದೆ, ಅದನ್ನು ಹೊರತೆಗೆಯಬೇಕು.

ಹುಟ್ಟಿದ ನೆಲ ಸ್ವರ್ಗಕ್ಕಿಂತ ಮಿಗಿಲು ಎನ್ನುವವರನ್ನು, ಮನಸ್ಸು ನೆಟ್ಟಗಿದ್ದರೆ ಎಲ್ಲಿದ್ದರೇನು ಎನ್ನುವ ವೇದಾಂತವನ್ನು, ಒಟ್ಟು ಸುಖ ಎಲ್ಲಿ ಹೆಚ್ಚೋ ಅಲ್ಲಿಗೆ ನಡೆ ಎನ್ನುವ ಉಪಯುಕ್ತತಾವಾದವನ್ನು ಇಲ್ಲಿ ಬದಿಗಿಡುತ್ತೇನೆ. ಎದುರಿಸಬೇಕಾದ ಮನುಷ್ಯ ಬೆಂಜಮಿನ್ ಫ್ರಾಂಕ್ಲಿನ್. ಮೈದುನನ ಶೀಟಿನ ಮೂಲಪುರುಷ ಅವನೇ.

ರಸಾಯನ ವಿಜ್ಞಾನಿಯೂ ಪಾದ್ರಿಯೂ ಆಗಿದ್ದ ಜೋಸೆಫ್ ಪ್ರೀಸ್ಟ್ಲಿಗೆ 1772ರಲ್ಲಿ ಬಂದದ್ದು ನಮ್ಮದೇ ಸಮಸ್ಯೆ. ಲೀಡ್ಸ್ ಪಟ್ಟಣದ ಚರ್ಚಿನಲ್ಲಿ ಇದ್ದುಬಿಡುವುದೋ, ವರ್ಷಕ್ಕೆ 250 ಪೌಂಡ್ ಕೊಡುತ್ತೇನೆಂದ ಲಾರ್ಡ್ ಶೆಲ್ಬರ್ನ್‌ನ ಬಳಿ ಸಂಸಾರ ಸಮೇತ ಹೋಗುವುದೋ? ಗೆಳೆಯ ಫ್ರಾಂಕ್ಲಿನ್‌ನನ್ನು ಕೇಳಿದ. ಆ ವರ್ಷದ ಸೆಪ್ಟೆಂಬರ್ 19ರಂದು ಫ್ರಾಂಕ್ಲಿನ್ ಬರೆದ ಉತ್ತರ ಪ್ರಸಿದ್ಧವಾಗಿದೆ. ಏನು ಮಾಡಬೇಕೆಂದು ಅವನು ಹೇಳಲಿಲ್ಲ, ಹೇಗೆ ತೀರ್ಮಾನಿಸಬೇಕೆಂದು ಹೇಳಿದ. ಹಾಳೆಯ ನಡುವೆ ಗೆರೆ ಎಳೆ. ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆ. ಆಮೇಲೆ ತೂಗು. ಈ ಕಡೆಯ ಒಂದು ಆ ಕಡೆಯ ಒಂದಕ್ಕೆ ಸಮವೆನಿಸಿದರೆ ಎರಡನ್ನೂ ಹೊಡೆದುಹಾಕು. ಒಂದು ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆ. ಕೊನೆಗೆ ಉಳಿದದ್ದು ಎತ್ತ ಇದೆಯೋ ಅತ್ತ ನಡೆ.

ಫ್ರಾಂಕ್ಲಿನ್‌ನನ್ನು ಹಗುರವಾಗಿ ನೋಡಬಾರದು. ಈ ತೂಕಗಳಿಗೆ ಬೀಜಗಣಿತದ ಖಚಿತತೆ ಇರುವುದಿಲ್ಲವೆಂದು ಅವನೇ ಒಪ್ಪಿಕೊಂಡಿದ್ದ. ಅವನು ಕಂಡ ಕಷ್ಟವೂ ನಿಜವಾದದ್ದು: ಕಾರಣಗಳೆಲ್ಲ ಒಮ್ಮೆಗೇ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇವತ್ತು ಒಂದು ಗುಂಪು ಬಂದಾಗ ನಿನ್ನೆಯ ಗುಂಪು ಮರೆಯಾಗಿರುತ್ತದೆ. ಇದು ನನ್ನ ಅನುಭವವೂ ಹೌದು. ರಾತ್ರಿ ಅತ್ತೆಗೆ ಎದೆನೋವು ಬಂದು ಸುಮಾರು 50 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಕಾರಿನಲ್ಲಿ ಓಡುವಾಗ ಬೆಂಗಳೂರೊಂದೇ ಸರಿ. ಬೆಳಿಗ್ಗೆ ಅಕ್ಕಪಕ್ಕದ ನಾಲ್ಕು ಮನೆಯವರು ಬಂದು ಅವರ ಹಾಸಿಗೆಯ ಸುತ್ತ ಕೂತರೆ ಈ ಊರು ಬಿಡುವ ಮಾತೇ ಇಲ್ಲ. ಎರಡು ಮನಸ್ಸುಗಳನ್ನೂ ಒಂದೇ ಹಾಳೆಗೆ ತರುವುದು ಸಣ್ಣ ಉಪಕಾರವಲ್ಲ.

ಹಾಗಿದ್ದರೆ ತಪ್ಪೆಲ್ಲಿ? ಪ್ರೀಸ್ಟ್ಲಿಯ ಮುಂದಿನ ಬದುಕನ್ನು ತೋರಿಸಿ ವಾದ ಮುಗಿಸುವುದು ಸುಲಭ. 1773ರಲ್ಲಿ ಅವನು ಶೆಲ್ಬರ್ನ್ ಬಳಿಗೆ ಹೋದ. ಮರುವರ್ಷ ಅಲ್ಲಿಯೇ, ಇಂದು ನಾವು ಆಮ್ಲಜನಕ ಎನ್ನುವ ಅನಿಲವನ್ನು ಬೇರ್ಪಡಿಸಿದ. 1780ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದ. 1791ರಲ್ಲಿ ದೊಂಬಿಯ ಜನ ಅವನ ಮನೆಯನ್ನೂ ಪ್ರಯೋಗಶಾಲೆಯನ್ನೂ ಸುಟ್ಟರು. 1794ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಆಮ್ಲಜನಕವನ್ನು ಯಾವ ಸಾಲಿನಲ್ಲಿ ಬರೆಯಬಹುದಿತ್ತು, ಬೆಂಕಿಯನ್ನು ಯಾವುದರಲ್ಲಿ ಎಂದು ಕೇಳಬಹುದು. ಆದರೆ ಹಾಗೆ ಕೇಳುವುದು ಅನ್ಯಾಯ. ಆಮೇಲೆ ಆದದ್ದನ್ನು ಹಿಡಿದು ಮೊದಲು ಮಾಡಿದ ತೀರ್ಮಾನವನ್ನು ದೂರುವಂತಿಲ್ಲ. ಈ ಆಕ್ಷೇಪವನ್ನು ಕೈಬಿಡುತ್ತೇನೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಪಟ್ಟಿ ಮಾಡುವವರು ತಕ್ಕಡಿ ಹಿಡಿದ ಕೈ ಬದಲಾಗುವುದಿಲ್ಲವೆಂದು ಭಾವಿಸುತ್ತಾರೆ. ನಮ್ಮ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜ ಕವಿ ಹೇಳಿದ ಮಯೂರಶರ್ಮನ ಕಥೆಯನ್ನೇ ನೋಡಿ. ವೇದ ಓದಬೇಕೆಂದು ಗುರು ವೀರಶರ್ಮನ ಜೊತೆ ಪಲ್ಲವರ ಕಾಂಚಿಗೆ ಹೋದವನು, ಅಲ್ಲಿ ಕುದುರೆ ಸವಾರನೊಡನೆ ಜಗಳವಾಗಿ ಅವಮಾನಗೊಂಡು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಹೊರಡುವಾಗಿನ ತೂಕಗಳು ಮುಂದೆ ಕದಂಬ ರಾಜನಾದ ಅವನಿಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಅಷ್ಟು ದೂರದ ಉದಾಹರಣೆ ಬೇಡವೆಂದರೆ ನನ್ನದೇ ಇದೆ. ಸೊರಬ ತಾಲ್ಲೂಕಿನ ಹಳ್ಳಿಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ನನ್ನನ್ನು ಯಾರೂ ಪಟ್ಟಿ ಮಾಡು ಎನ್ನಲಿಲ್ಲ. ಮಾಡಿದ್ದರೆ ತವರಿನ ಭೂಮಿ ಹುಣ್ಣಿಮೆಯೇ ಎಲ್ಲಕ್ಕಿಂತ ಭಾರವಾಗಿರುತ್ತಿತ್ತು: ಅವ್ವನ ಜೊತೆ ಕೂತು ಬುಟ್ಟಿಗೆ ಚಿತ್ತಾರ ಬರೆಯುವುದು, ನಸುಕಿನಲ್ಲಿ ಗದ್ದೆಗೆ ಚರಗ ಚೆಲ್ಲುವುದು. ಅತ್ತೆ ಎನ್ನುವ ಹೆಂಗಸು ಖಂಡಿತ ವಿರೋಧದ ಸಾಲಿನಲ್ಲಿ ಇರುತ್ತಿದ್ದರು. ನನ್ನ ಕೂಸನ್ನು ಸೊಂಟಕ್ಕೇರಿಸಿಕೊಂಡು, “ನೀ ಓದ್ಕ, ನಾನಿದೀನಿ” ಎಂದು ನನ್ನನ್ನು ಎಂ.ಎ.ವರೆಗೆ ಓದಿಸಿದವರು ಅದೇ ಹೆಂಗಸು. ಇಂದು ಈ ಊರು ಬಿಡಲಾಗದಿದ್ದರೆ ಅದಕ್ಕೆ ಮೊದಲ ಕಾರಣವೂ ಅವರೇ.

ಇದಕ್ಕೆ ಫ್ರಾಂಕ್ಲಿನ್ ಉತ್ತರ ಕೊಡಬಲ್ಲ. ನಾಳೆ ನೀನು ಏನಾಗುತ್ತೀಯೋ ನಿನಗೂ ತಿಳಿಯದು, ನನಗೂ ತಿಳಿಯದು. ಇವತ್ತಿನ ಕೈ ಬಿಟ್ಟರೆ ತೂಗಲು ಬೇರೆ ಕೈ ಎಲ್ಲಿದೆ ಎಂದು ಕೇಳುತ್ತಾನೆ. ಇಲ್ಲ ಎಂದೇ ನಾನು ಹೇಳಬೇಕು. ಅರ್ಧ ಸೋಲು ಇಲ್ಲಿ ನನ್ನದು.

ನಾನು ಬಿಟ್ಟುಕೊಡದ ಜಾಗ ಬೇರೆ. ಅದು ತೂಗುವುದರಲ್ಲಿಲ್ಲ, ಹೊಡೆದುಹಾಕುವುದರಲ್ಲಿದೆ. ಮಗಳ ಬಾಣಂತನಕ್ಕೆ ಹತ್ತಿರವಿರುವುದು ಅತ್ತೆಯ ನೆರೆಹೊರೆಗೆ ಸಮ ಎಂದುಕೊಳ್ಳೋಣ. ಎರಡರ ಮೇಲೂ ಗೆರೆ ಎಳೆದೆ. ಹಾಳೆಯ ಮೇಲೆ ಎರಡೂ ಇಲ್ಲವಾದವು. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ, ಮಾತಾಡಲು ಯಾರೂ ಇಲ್ಲದ ಮಧ್ಯಾಹ್ನ ಅತ್ತೆಗೆ ಇಲ್ಲವಾಗುತ್ತದೆಯೆ? ಸಾಲ ಕೊಟ್ಟ ಒಬ್ಬನಿಗೆ ತೀರಿಸಬೇಕಾದ್ದನ್ನು ಇನ್ನೊಬ್ಬನಿಗೆ ಕೊಟ್ಟು ಲೆಕ್ಕ ಚುಕ್ತಾ ಎನ್ನುವಂತೆ ಇದು. ಒಬ್ಬರಿಗೆ ಆದ ಒಳಿತು ಇನ್ನೊಬ್ಬರಿಗೆ ಆದ ನಷ್ಟವನ್ನು ಮೀರಿಸಬಹುದು, ಅಳಿಸಲಾರದು.

ಶಿವಮೊಗ್ಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಒಂದು ಕಡೆ ಇಡೀ ನಾಡಿಗೆ ಕರೆಂಟ್, ಇನ್ನೊಂದು ಕಡೆ ಸಾಗರ ಹೊಸನಗರಗಳ ಮುಳುಗಿದ ಹಳ್ಳಿಗಳಿದ್ದವು. ಯಾವುದು ಹೆಚ್ಚು ಎಂಬ ಲೆಕ್ಕ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ಹಳ್ಳಿಗಳ ಮೇಲೆ ಗೆರೆ ಎಳೆದ ಮೇಲೆ ಆ ಸಾಲಿನಲ್ಲಿದ್ದ ಜನರೂ ಮುಗಿದರೆಂಬಂತೆ ನಡೆದುಕೊಂಡದ್ದು ತಪ್ಪು. ಮುಳುಗಡೆಯವರನ್ನು ಜಿಲ್ಲೆಯ ಬೇರೆ ಬೇರೆ ಕಡೆಯ ಕಾಡಂಚಿನಲ್ಲಿ ತಂದು ಬಿಟ್ಟರು. ಅವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ನಾನು ಪಾಠ ಮಾಡಿದ ತರಗತಿಯಲ್ಲೂ ಅಂಥ ಮನೆಗಳಿಂದ ಬಂದ ಮಕ್ಕಳು ಕೂತಿದ್ದರು.

ಹಾಗಾದರೆ ಹಾಳೆಯನ್ನು ಹರಿದು ಎಸೆಯಬೇಕೆ? ಇಲ್ಲ. ಅದನ್ನು ಇನ್ನೊಂದು ಕೆಲಸಕ್ಕೆ ಇಟ್ಟುಕೊಳ್ಳಬೇಕು. ತೀರ್ಮಾನವಾದ ಮೇಲೆ, ಯಾವ ಸಾಲುಗಳ ಮೇಲೆ ಗೆರೆ ಬಿದ್ದಿದೆಯೋ ಅವುಗಳನ್ನೇ ಮತ್ತೆ ಓದಬೇಕು. ಊರು ಬಿಡುವ ಸಿದ್ಧತೆ ಎಂದರೆ ಲಾರಿ ಗೊತ್ತುಮಾಡಿ ಸಾಮಾನು ಕಟ್ಟುವುದಲ್ಲ, ಹೊಡೆದುಹಾಕಿದ ಸಾಲುಗಳ ಕೆಲಸ ಮಾಡುವುದು. ತೋಟವನ್ನು ಚೇಣಿಗೆ ಕೊಟ್ಟರೆ ಇಷ್ಟು ವರ್ಷ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರಿಗೆ ಚೇಣಿದಾರ ಕೆಲಸ ಕೊಡುತ್ತಾನೆಯೇ ಎಂದು ಮೊದಲೇ ಮಾತಾಡಿಕೊಳ್ಳುವುದು. ಮನೆಯನ್ನು ಕೂಡಲೇ ಮಾರದಿರುವುದು. ಅತ್ತೆ ಮೆಟ್ಟಿಲು ಹತ್ತದೆ ಹೊರಗೆ ಬಂದು ಕೂರುವಂಥ ನೆಲದ ಮನೆಯನ್ನೇ ಹುಡುಕುವುದು, ಅದಕ್ಕೆ ಬಾಡಿಗೆ ಹೆಚ್ಚಾದರೆ ನಮ್ಮ ಬೇರೆ ಖರ್ಚು ಇಳಿಸುವುದು. ನಮ್ಮೂರಿನ ಹುಚ್ಚರಾಯಸ್ವಾಮಿ ತೇರಿಗೆ ಅವರನ್ನು ಕರೆತರುವ ಹೊಣೆ ಯಾರದೆಂದು ಹೆಸರು ಹಿಡಿದು ಹೇಳುವುದು. ಇವನ್ನು ಮಾಡಲಾರೆವು ಎನಿಸಿದರೆ ತೀರ್ಮಾನವೇ ಬದಲಾಗಬೇಕು. ಅಂದರೆ ಸಿದ್ಧತೆ ತೀರ್ಮಾನದ ಬಾಲವಲ್ಲ, ಅದರ ಪರೀಕ್ಷೆ.

ಇಲ್ಲಿಗೆ ನಿಲ್ಲಿಸಿದ್ದರೆ ವಾದ ಚೊಕ್ಕವಾಗಿರುತ್ತಿತ್ತು. ಆದರೆ ಇದೇ ತಾಲ್ಲೂಕಿನ ಉಡುತಡಿಯಿಂದ ಹನ್ನೆರಡನೆಯ ಶತಮಾನದಲ್ಲಿ ಹೊರಟ ಹೆಣ್ಣುಮಗಳು ಅಡ್ಡ ಬರುತ್ತಾಳೆ. ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಅಕ್ಕಮಹಾದೇವಿ ಹಿಂದೆ ಉಳಿದವರ ಸಾಲುಗಳನ್ನು ಒಂದೊಂದಾಗಿ ತೀರಿಸುತ್ತ ಕೂತಿದ್ದರೆ ಉಡುತಡಿಯ ಊರಬಾಗಿಲು ದಾಟುತ್ತಿರಲಿಲ್ಲ. ಪಿಯುಸಿ ಮುಗಿಸಿ ಮೈಸೂರಿಗೋ ಮಂಗಳೂರಿಗೋ ಓದಲು ಹೊರಟ ನನ್ನ ವಿದ್ಯಾರ್ಥಿನಿಯರ ಮುಂದೆ ಮನೆಯವರು ಹಿಡಿಯುವುದೂ ಇದೇ ಪಟ್ಟಿ: ಅಜ್ಜಿಯನ್ನು ಯಾರು ನೋಡುತ್ತಾರೆ, ಹಸು ಯಾರು ಕರೆಯುತ್ತಾರೆ, ತಮ್ಮನಿಗೆ ಬುತ್ತಿ ಯಾರು ಕಟ್ಟುತ್ತಾರೆ? ನಾನು ನೀತಿ ಎಂದು ಕರೆಯುತ್ತಿರುವುದು ಆ ಹುಡುಗಿಯರ ಕಾಲಿಗೆ ಸರಪಳಿ. ಫ್ರಾಂಕ್ಲಿನ್‌ನ ಗೆರೆ ಅವರಿಗೆ ಬಿಡುಗಡೆ. ಅವನು ಕೂಡ ಹದಿನೇಳರ ವಯಸ್ಸಿನಲ್ಲಿ, 1723ರಲ್ಲಿ, ಅಣ್ಣನ ಮುದ್ರಣಾಲಯದ ಕರಾರು ಮುರಿದು ಬಾಸ್ಟನ್ನಿನಿಂದ ಕದ್ದು ಓಡಿಹೋದವನೇ.

ಆದ್ದರಿಂದ ನನ್ನ ಮಾತಿಗೆ ಒಂದು ಮಿತಿ ಹಾಕಬೇಕು. ಹೊಡೆದುಹಾಕಿದ ಸಾಲುಗಳನ್ನು ಹೊರಡುವವರು ತಾವಾಗಿ ಓದಿಕೊಳ್ಳಬೇಕೇ ಹೊರತು ಅವರನ್ನು ತಡೆಯುವವರು ಅವರ ಮುಂದೆ ಓದಬಾರದು. ಅಧಿಕಾರ ಇದ್ದವರಿಗೆ ಇದು ಕರ್ತವ್ಯ, ಇಲ್ಲದವರಿಗೆ ಅಲ್ಲ. ಹದಿನೆಂಟರ ಹುಡುಗಿಗಿಂತ ಸಂಬಳ, ತೋಟ, ಮನೆ ಇರುವ ನಮ್ಮಂಥವರ ಮೇಲೆ ಇದರ ಭಾರ ಹೆಚ್ಚು.

ಈ ಮಿತಿಯೂ ನಮ್ಮ ಮನೆಯ ಪ್ರಶ್ನೆಯನ್ನು ಬಿಡಿಸುವುದಿಲ್ಲ. ಅತ್ತೆಯನ್ನು ಕೇಳಿದೆ. “ನೀವೆಲ್ಲಿರ್ತೀರೋ ನಾನೂ ಅಲ್ಲೇ ಇರ್ತೀನವ್ವ” ಎಂದರು. ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳಲು ನನಗೆ ಮನಸ್ಸಿಲ್ಲ. ಬೇರೆ ಉತ್ತರಕ್ಕೆ ಎಡೆಯೇ ಇರದಷ್ಟು ಕಾಲ ಅವರು ಇನ್ನೊಬ್ಬರ ತೀರ್ಮಾನದ ಹಿಂದೆ ನಡೆದಿದ್ದಾರೆ. ಮತ್ತೆ ಮತ್ತೆ ಕೇಳಿದರೆ, ಮಗಳ ಬಾಣಂತನಕ್ಕೆ ನಾವು ಹೋಗದಿರುವುದಕ್ಕೆ ತಾವೇ ಕಾರಣ ಎಂಬ ಹೊರೆಯನ್ನು ಈ ವಯಸ್ಸಿನಲ್ಲಿ ಅವರ ತಲೆಗೆ ಹೊರಿಸಿದಂತಾಗುತ್ತದೆ. ಕೇಳದಿದ್ದರೆ ಅವರ ಸಾಲಿಗೆ ತೂಕ ಕೊಡುವವಳು ನಾನೇ ಆಗುತ್ತೇನೆ. ಆಗ ಮೈದುನನಿಗೂ ನನಗೂ ಏನು ವ್ಯತ್ಯಾಸ ಎಂದರೆ ನನ್ನ ಬಳಿ ತೃಪ್ತಿಯಾಗುವಂಥ ಉತ್ತರವಿಲ್ಲ. ಗೆರೆ ಎಳೆದರೆ ಸಾಲು ಅಳಿಯುವುದಿಲ್ಲ ಎಂಬುದನ್ನು ಫ್ರಾಂಕ್ಲಿನ್ ಎದುರು ಬಂದರೂ ಹೇಳುತ್ತೇನೆ. ತನ್ನ ತೂಕವನ್ನು ತಾನೇ ಹೇಳದವರ ಪರವಾಗಿ ತೂಗುವ ಹಕ್ಕು ಯಾರಿಗಿದೆ ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ, ನನಗೆ ಬಗೆಹರಿಯಲಿಲ್ಲ. ಮಗಳಿಗೆ ದಿನ ತುಂಬುವುದರೊಳಗೆ, ಬಗೆಹರಿಯದೆಯೇ, ನಾವು ಒಂದು ತೀರ್ಮಾನ ತೆಗೆದುಕೊಳ್ಳಬೇಕಿದೆ.