ದೀಪ ಮತ್ತು ದರ್ಪ

ಲೋಕದಲ್ಲಿ ಉರಿಯುವ ದೀಪಗಳ ಉದ್ದೇಶವನ್ನು ವಿಚಾರಿಸಿದರೆ ಅವುಗಳಲ್ಲಿ ಮೂರು ಬಗೆಗಳನ್ನು ಕಾಣಬಹುದು. ದಾರಿಯನ್ನು ತೋರುವ ದೀಪ ಮೊದಲನೆಯದು. ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಉರಿಯುವ ಹಣತೆ ಈ ಬಗೆಗೆ ಸೇರಿದುದು. ಅದು ತನ್ನನ್ನು ತಾನು ಸುಟ್ಟುಕೊಂಡು ಇತರ ವಸ್ತುಗಳನ್ನು ತೋರಿಸುತ್ತದೆ. ತನ್ನನ್ನೇ ತೋರಿಕೊಳ್ಳುವ ದೀಪ ಎರಡನೆಯದು. ಹಿಂದೆ ಅರಸರ, ಪಾಳೆಯಗಾರರ ಮೆರವಣಿಗೆಗಳಲ್ಲಿ ಸೂರ್ಯನು ನೆತ್ತಿಯ ಮೇಲಿರುವಾಗಲೂ ಪಂಜುಗಳನ್ನು ಹಿಡಿಯುತ್ತಿದ್ದರು. ಹಗಲು ದೀವಟಿಗೆಯೆಂದು ಅದಕ್ಕೆ ಹೆಸರು. ಅದೊಂದು ದೊಡ್ಡ ಬಿರುದು. ಹಾಡುಹಗಲಿನಲ್ಲಿ ಅದರಿಂದ ಯಾರಿಗೂ ದಾರಿ ಕಾಣಬೇಕಾಗಿರಲಿಲ್ಲ. ಬರುತ್ತಿರುವವನು ದೊಡ್ಡವನೆಂಬುದಷ್ಟೇ ಕಾಣಬೇಕಾಗಿತ್ತು. ಇನ್ನು ಮೂರನೆಯದು ಎಚ್ಚರಿಕೆಯ ದೀಪ. ಅದು ದಾರಿಯನ್ನೂ ತೋರುವುದಿಲ್ಲ, ತನ್ನನ್ನೂ ಮೆರೆಸುವುದಿಲ್ಲ. ಬಾಯಿಲ್ಲದ ಒಬ್ಬನ ಪರವಾಗಿ ಮಾತನಾಡುತ್ತದೆ.

ಈ ಮೂರನೆಯ ದೀಪವು ಎರಡನೆಯ ದೀಪದ ಪಾಲಾಗುತ್ತಿರುವುದು ನಮ್ಮ ಕಾಲದ ಒಂದು ನೈತಿಕ ಪ್ರಶ್ನೆ. ಖಾಸಗಿ ವಾಹನಗಳ ಮೇಲೆ ಮಿನುಗುವ ಕೆಂಪು, ನೀಲಿ ದೀಪಗಳ ವಿಷಯವನ್ನು ಸಾರಿಗೆ ಇಲಾಖೆಯ ದಂಡದ ವಿಷಯವೆಂದು ತಳ್ಳಿಹಾಕುವುದು ಸುಲಭ. ಆದರೆ ಸತ್ಯ, ಕಾಯಕ, ದಾಸೋಹಗಳನ್ನು ಬಾಳಿನ ಆಧಾರವೆಂದು ನಂಬಿದವರು ಅದನ್ನು ಅಷ್ಟಕ್ಕೇ ಬಿಡುವಂತಿಲ್ಲ.

ಅಂಬುಲೆನ್ಸಿನ ಮೇಲಿನ ದೀಪವು ಏನು ಹೇಳುತ್ತದೆ? ‘ಒಳಗೆ ಒಂದು ಜೀವ ಒದ್ದಾಡುತ್ತಿದೆ, ಅದರ ಉಳಿವು ನಿಮ್ಮ ಕೈಯಲ್ಲಿಯೂ ಇದೆ, ದಾರಿ ಬಿಡಿರಿ’ ಎನ್ನುತ್ತದೆ. ಆ ಜೀವ ಯಾರದೆಂದು ರಸ್ತೆಯಲ್ಲಿರುವವರಿಗೆ ತಿಳಿಯದು. ಬಡವನೋ ಬಲ್ಲಿದನೋ, ಯಾವ ಕುಲದವನೋ, ಯಾರೂ ವಿಚಾರಿಸುವುದಿಲ್ಲ. ಬಂಡಿ ಹೊಡೆಯುವವನೂ ಬಸ್ಸು ನಡೆಸುವವನೂ ಪಕ್ಕಕ್ಕೆ ಸರಿಯುತ್ತಾರೆ. ಕಾಣದ ಜೀವಕ್ಕಾಗಿ ನಾಲ್ಕು ಮಂದಿ ತಮ್ಮ ಅವಸರವನ್ನು ಬಿಟ್ಟುಕೊಡುವ ಆ ಕ್ಷಣವು ರಸ್ತೆಯಲ್ಲಿ ನಡೆಯುವ ದಾಸೋಹವೇ ಸರಿ. ತುರ್ತು ವಾಹನಗಳಿಗೆ ದಾರಿ ಬಿಡದವರಿಗೆ 10,000 ರೂಪಾಯಿಗಳ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಅವಕಾಶ ಮಾಡಿದೆ. ಆದರೆ ಪ್ರತಿಯೊಂದು ತಿರುವಿನಲ್ಲಿಯೂ ಕಾನೂನು ಕಾದು ನಿಂತಿರಲಾರದು. ಜನ ಸರಿಯುವುದು ಆ ದೀಪ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆಯಿಂದ. ಆ ನಂಬಿಕೆಯೇ ದೀಪದ ಎಣ್ಣೆ.

ಈ ಎಣ್ಣೆ ಬತ್ತತೊಡಗಿದ್ದು ಹೇಗೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಬಹು ವರ್ಷಗಳ ಕಾಲ ಕೆಂಪು ದೀಪದ ಸರಕಾರಿ ಕಾರನ್ನು ನಮ್ಮ ಜನ ‘ಗೂಟದ ಕಾರು’ ಎಂದು ಕರೆದರು. ಆ ಹೆಸರಿನಲ್ಲಿ ಬೆರಗೂ ಇತ್ತು, ವ್ಯಂಗ್ಯವೂ ಇತ್ತು. ಮಂತ್ರಿಪದವಿ ದೊರೆಯಿತೆನ್ನುವ ಬದಲು ಗೂಟದ ಕಾರು ದೊರೆಯಿತೆನ್ನುವುದೇ ರೂಢಿಯಾಯಿತು. ಕರ್ತವ್ಯದ ಗುರುತು ಕರ್ತವ್ಯಕ್ಕಿಂತ ಹಿರಿದಾದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2013ರ ಡಿಸೆಂಬರ್ 10ರಂದು ಸರ್ವೋಚ್ಚ ನ್ಯಾಯಾಲಯವು, ಸಂವಿಧಾನಬದ್ಧವಾದ ಉನ್ನತ ಸ್ಥಾನಗಳಲ್ಲಿರುವವರಿಗೆ ಮಾತ್ರ, ಅದೂ ಕರ್ತವ್ಯದಲ್ಲಿರುವಾಗ ಮಾತ್ರ, ಕೆಂಪು ದೀಪ ಸಲ್ಲುತ್ತದೆಂದು ತೀರ್ಪಿತ್ತಿತು. ಅನಂತರ ಕೇಂದ್ರ ಸಚಿವ ಸಂಪುಟವು 2017ರ ಏಪ್ರಿಲ್ 19ರಂದು ಕೈಗೊಂಡ ನಿರ್ಣಯದಂತೆ, ಆ ವರ್ಷದ ಮೇ 1ರಿಂದ ರಾಷ್ಟ್ರಪತಿಯವರ ಮತ್ತು ಪ್ರಧಾನಮಂತ್ರಿಯವರ ವಾಹನಗಳನ್ನೂ ಬಿಡದೆ ಎಲ್ಲ ಗಣ್ಯರ ವಾಹನಗಳಿಂದ ಗೂಟಗಳು ಇಳಿದವು. ಅಂಬುಲೆನ್ಸು, ಅಗ್ನಿಶಾಮಕ, ಪೊಲೀಸು ಮೊದಲಾದ ತುರ್ತು ಸೇವೆಗಳಿಗೆ ಮಾತ್ರ ಮಿನುಗುವ ದೀಪಗಳು ಉಳಿದವು. ಗುರುತು ಪದವಿಗಲ್ಲ, ಕಾಯಕಕ್ಕೆ ಸೇರಿದ್ದೆಂಬ ತತ್ತ್ವವನ್ನು ರಾಜ್ಯವು ತಡವಾಗಿಯಾದರೂ ಒಪ್ಪಿಕೊಂಡಿತು.

ಗೂಟ ನೆತ್ತಿಯಿಂದ ಇಳಿಯಿತು, ಮನಸ್ಸಿನಿಂದ ಇಳಿಯಿತೆ? ಇಂದು ಖಾಸಗಿ ಕಾರುಗಳ ಮುಂಭಾಗದ ಜಾಲರಿಯ ಹಿಂದೆ, ಗಾಜಿನ ಒಳಬದಿಯಲ್ಲಿ, ಕೆಂಪು ನೀಲಿ ದೀಪಗಳು ಅಡಗಿ ಕುಳಿತಿರುವುದನ್ನು ಕಾಣುತ್ತೇವೆ. ಬೇಕಾದಾಗ ಹೊತ್ತಿಸಲು, ಪೊಲೀಸರನ್ನು ಕಂಡಾಗ ಆರಿಸಲು ಗುಂಡಿಯಿರುತ್ತದೆ. ಆರಿಸುವ ಗುಂಡಿಯೇ ಹೊತ್ತಿಸಿದವನ ವಿರುದ್ಧ ಸಾಕ್ಷಿ. ನ್ಯಾಯವಾದುದನ್ನು ಯಾರೂ ಅಡಗಿಸುವುದಿಲ್ಲ. 2024ರಲ್ಲಿ ಪುಣೆಯಲ್ಲಿ ತರಬೇತಿಯ ಹಂತದಲ್ಲಿದ್ದ ಆಡಳಿತ ಸೇವೆಯ ಅಧಿಕಾರಿಯೊಬ್ಬರ ಖಾಸಗಿ ಕಾರಿನ ಮೇಲೆ ಇಂತಹ ದೀಪವಿದ್ದ ಸಂಗತಿ ದೇಶದಾದ್ಯಂತ ಚರ್ಚೆಗೆ ಬಂದಿತು. ಅಧಿಕಾರದ ಹೊಸ್ತಿಲನ್ನು ದಾಟುವ ಮುನ್ನವೇ ಅಧಿಕಾರದ ದೀಪ ಬೇಕೆನಿಸುವುದು ಒಬ್ಬರ ದೋಷವಲ್ಲ. ಆ ದೀಪವನ್ನು ಕಂಡೊಡನೆ ಬಾಗುವ ಸಮಾಜದ ದೋಷವೂ ಅದರಲ್ಲಿ ಸೇರಿದೆ.

ಹೀಗೆ ಮಾಡುವವರು ಹೇಳುವ ಸಮಾಧಾನಗಳನ್ನೂ ಪರಿಶೀಲಿಸಬೇಕು. ‘ನಮಗೂ ಅವಸರದ ಕೆಲಸಗಳಿವೆ’ ಎನ್ನುತ್ತಾರೆ. ಅವಸರ ಯಾರಿಗಿಲ್ಲ? ಕೂಲಿಯ ಹೊತ್ತು ಮೀರುತ್ತಿರುವ ಕಾರ್ಮಿಕನಿಗೆ ಇದೆ, ಪರೀಕ್ಷೆಗೆ ಹೊರಟ ಹುಡುಗಿಗೆ ಇದೆ. ಅವರು ತಮ್ಮ ಅವಸರವನ್ನು ತಾವೇ ಹೊತ್ತುಕೊಳ್ಳುತ್ತಾರೆ. ದೀಪ ಹೊತ್ತಿಸಿದವನು ತನ್ನ ಅವಸರವನ್ನು ಅವರ ತಲೆಯ ಮೇಲೆ ಹೊರಿಸುತ್ತಾನೆ. ‘ಸುರಕ್ಷತೆಗಾಗಿ ಹಾಕಿಸಿದ್ದೇವೆ’ ಎನ್ನುವವರು ಇನ್ನು ಕೆಲವರು. ಎಲ್ಲ ವಾಹನಗಳೂ ಮಿನುಗತೊಡಗಿದರೆ ಯಾವ ವಾಹನವೂ ಕಣ್ಣಿಗೆ ಬೀಳದು. ಮಳೆಯಲ್ಲಿ ನಾಲ್ಕು ಸೂಚಕ ದೀಪಗಳನ್ನೂ ಒಟ್ಟಿಗೆ ಮಿನುಗಿಸುತ್ತ ಓಡುವವನು ಎಡಕ್ಕೆ ತಿರುಗುವನೋ ಬಲಕ್ಕೆ ತಿರುಗುವನೋ ಎಂಬುದು ಹಿಂದೆ ಬರುವವನಿಗೆ ತಿಳಿಯುವುದೇ ಇಲ್ಲ.

ಅತಿಬೆಳಕಿನ ಕಥೆಯೂ ಇದೇ. ಕಾರ್ಖಾನೆಯಿಂದ ಬಂದ ದೀಪ ಸಾಲದೆಂದು ಪ್ರಖರವಾದ ಬಿಳಿ ದೀಪಗಳ ಸಾಲನ್ನೇ ವಾಹನದ ಮುಂದೆ ಕೂಡಿಸುವವರುಂಟು. ಇರುಳಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಅದರ ಮೇಲೆ ಈ ಬೆಳಕು ಬಿದ್ದೊಡನೆ ನೋಟವೆಲ್ಲ ಬೆಳ್ಳಗಾಗಿ, ಕೆಲವು ಕ್ಷಣ ಎದುರಿನವನು ಕುರುಡನೇ ಆಗುತ್ತಾನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 50 ಮೀಟರ್ ದೂರವನ್ನು ಕುರುಡಾಗಿಯೇ ಕ್ರಮಿಸಿದಂತೆ. ಆ 50 ಮೀಟರಿನೊಳಗೆ ರಸ್ತೆಯಂಚಿನಲ್ಲಿ ನಡೆದುಹೋಗುತ್ತಿರುವ ರೈತನಿರಬಹುದು, ಹಿಂದಿನ ದೀಪವಿಲ್ಲದ ಚಕ್ಕಡಿಯಿರಬಹುದು. ತನಗೆ ದಾರಿ ಚೆನ್ನಾಗಿ ಕಾಣಲೆಂದು ಪರರ ಕಣ್ಣನ್ನು ಕಸಿಯುವ ಬೆಳಕನ್ನು ಬೆಳಕೆನ್ನಬಹುದೆ?

ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗಬೇಕು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆ ತಾಯಿ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅದು ಕದ್ದ ಅಕ್ಕಿಯಲ್ಲ. ನೆಲಕ್ಕೆ ಚೆಲ್ಲಿದ್ದ ಅಕ್ಕಿ. ಆದರೂ ಬೇಕಾದುದಕ್ಕಿಂತ ಹೆಚ್ಚಾದುದು ತಮ್ಮದಲ್ಲವೆಂದು ಆಕೆ ಕಂಡಳು. ರಸ್ತೆಯೂ ಅಂತಹ ಸಮುದಾಯದ ಅಂಗಳವೇ. ಅಲ್ಲಿ ಎಲ್ಲರಿಗೂ ಒಂದಿಷ್ಟು ಜಾಗ, ಒಂದಿಷ್ಟು ಬೆಳಕು, ಒಂದಿಷ್ಟು ಜನರ ಗಮನ ಸಲ್ಲುತ್ತದೆ. ಮಿನುಗುವ ದೀಪದಿಂದ ಇತರರ ಪಾಲಿನ ಗಮನವನ್ನೂ ಬಾಚಿಕೊಳ್ಳುವವನು ಮಾರಯ್ಯನವರು ಹಿಂದಿರುಗಿಸಿದ್ದನ್ನು ತಾನು ಮಡಿಲಿಗೆ ತುಂಬಿಕೊಳ್ಳುತ್ತಾನೆ.

ಲಾಂಛನದ ವಿಚಾರದಲ್ಲಿ ಶರಣರಷ್ಟು ನಿಷ್ಠುರವಾಗಿ ಚಿಂತಿಸಿದವರು ವಿರಳ. ವೇಷ ಧರಿಸಿ ಆಸೆಯನ್ನು ಬಿಡದವರನ್ನು ಅಂಬಿಗರ ಚೌಡಯ್ಯನವರು ಎಷ್ಟು ಕಟುವಾಗಿ ಖಂಡಿಸಿದರೆಂಬುದು ಓದುಗರಿಗೆ ತಿಳಿದ ವಿಷಯ. ಲಾಂಛನವೆಂಬುದು ಒಂದು ಪ್ರತಿಜ್ಞೆ. ಅದನ್ನು ಕಂಡವರು ಅದರ ಹಿಂದೆ ಆಚಾರವಿದೆಯೆಂದು ನಂಬಿ ನಮಿಸುತ್ತಾರೆ. ಆಚಾರವಿಲ್ಲದೆ ಲಾಂಛನ ಧರಿಸಿದವನು ತಾನು ಕೆಡುವುದಲ್ಲದೆ, ಮುಂದೆ ಬರುವ ನಿಜವಾದ ಜಂಗಮನಿಗೆ ಸಲ್ಲಬೇಕಾದ ವಿಶ್ವಾಸವನ್ನೂ ಕೆಡಿಸುತ್ತಾನೆ. ಸುಳ್ಳು ದೀಪದ ಪಾಪವೂ ಅದೇ ಬಗೆಯದು. ಅದರ ಫಲವನ್ನು ಹಚ್ಚಿದವನು ಉಣ್ಣುವುದಿಲ್ಲ. ಎಲ್ಲೋ ಹಿಂದೆ ಬರುತ್ತಿರುವ ರೋಗಿ ಉಣ್ಣುತ್ತಾನೆ.

ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯಲ್ಲಿ ಕಂಡ ದೃಶ್ಯ ಈ ಲೇಖಕನ ಮನಸ್ಸಿನಿಂದ ಮರೆಯಾಗಿಲ್ಲ. ದಾಸೋಹದ ಸಾಲು ರಸ್ತೆಯವರೆಗೂ ಬೆಳೆದಿತ್ತು. ಕೆಂಪು ನೀಲಿ ದೀಪ ಮಿನುಗಿಸುತ್ತ ಒಂದು ಕಾರು ಬಂದಿತು. ಬಿಸಿಲಿಗೆ ಯಾರೋ ಬಿದ್ದರೆಂದು ತಿಳಿದು ಸ್ವಯಂಸೇವಕರು ಸಾಲನ್ನು ಒಡೆದು ದಾರಿ ಮಾಡಿದರು. ತಟ್ಟೆ ಹಿಡಿದು ನಿಂತಿದ್ದ ಒಬ್ಬ ಮುದುಕಿ, ‘ಯಾರಿಗೆ ಏನಾತೋ ತಂದೆ, ಕಾಪಾಡು’ ಎಂದು ಕೈಮುಗಿದಳು. ಕಾರಿನಿಂದ ಇಳಿದವರು ಹಾರದ ಬುಟ್ಟಿಯೊಡನೆ ಬಂದ ಒಬ್ಬ ಆರೋಗ್ಯವಂತ ಗಣ್ಯರು. ಮುದುಕಿ ಏನೂ ಅನ್ನಲಿಲ್ಲ. ಸಾಲಿನಲ್ಲಿ ತನ್ನ ಸ್ಥಳವನ್ನು ಹುಡುಕತೊಡಗಿದಳು. ಅದೇ ಮಧ್ಯಾಹ್ನ ನಿಜವಾಗಿಯೂ ಒಂದು ಅಂಬುಲೆನ್ಸು ಬಂದಾಗ, ‘ಮತ್ತೆ ಯಾರೋ ದೊಡ್ಡವರು ಬಂದರು’ ಎಂದುಕೊಂಡ ಜನ ನಿಧಾನವಾಗಿ ತಿರುಗಿ ನೋಡಿದರು. ತಡವಾದದ್ದು ಕೆಲವೇ ಕ್ಷಣ, ಅನಾಹುತವೇನೂ ಆಗಲಿಲ್ಲ. ಆದರೆ ಮುದುಕಿಯ ಪ್ರಾರ್ಥನೆಯನ್ನು ಆ ಕಾರು ಕದ್ದಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ಗಣ್ಯರನ್ನು ದೂಷಿಸುವ ಮೊದಲು ನಾವು ನಮ್ಮನ್ನೂ ನೋಡಿಕೊಳ್ಳುವುದು ಒಳಿತು. ಗುರುಗಳು ಬಿಜಯಂಗೈಯುವಾಗ ಅವರ ವಾಹನದ ಹಿಂದೆ ಮುಂದೆ ಮಿನುಗುದೀಪ, ಸೈರನ್ನುಗಳೊಡನೆ ಓಡುವವರು ಭಕ್ತರೆನಿಸಿಕೊಂಡ ನಾವೇ. ಅದು ಭಕ್ತಿಯ ಉತ್ಸಾಹವೆಂಬುದನ್ನು ಒಪ್ಪೋಣ. ಆದರೆ ಜಂಗಮನಿಗೆ ದಾರಿ ಬಿಡಿಸಬೇಕಾದುದು ಭಯವಲ್ಲ, ಗೌರವ. ಮಠದ ವಾಹನವು ಸಾಮಾನ್ಯರ ವಾಹನಗಳ ನಡುವೆ ತನ್ನ ಸರದಿಗಾಗಿ ಕಾದು ನಿಂತರೆ ಗುರುವಿನ ಮಹಿಮೆ ಕುಂದುವುದಿಲ್ಲ; ಆ ಕಾಯುವಿಕೆಯೇ ನೋಡಿದವರಿಗೆ ಒಂದು ಉಪದೇಶವಾಗುತ್ತದೆ.

ಆದುದರಿಂದ, ಈ ಮಠದ ನೆರಳಿನಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆದು ಇಂದು ನಾನಾ ಸ್ಥಾನಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಿಮ್ಮ ವಾಹನದಲ್ಲಿ ಕಾನೂನು ಕೊಡದ ದೀಪವೊಂದಿದ್ದರೆ ಅದನ್ನು ಕಳಚಿಡಿರಿ. ಕಣ್ಣು ಕುಕ್ಕುವ ದೀಪವಿದ್ದರೆ ತಗ್ಗಿಸಿರಿ. ಪ್ರಸಾದದ ಪಂಕ್ತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕುಳಿತು ಉಂಡವರಿಗೆ ರಸ್ತೆಯ ಪಂಕ್ತಿಯಲ್ಲಿ ನಿಲ್ಲುವುದು ಹೊಸದೇನೂ ಅಲ್ಲ. ಹಗಲು ದೀವಟಿಗೆಯನ್ನು ಆರಿಸಿದರೆ ಯಾರಿಗೂ ಕತ್ತಲಾಗುವುದಿಲ್ಲ. ಪ್ರಾಣ ಉಳಿಸಲು ಹೊರಟ ದೀಪ ಮಾತ್ರ ನಿಚ್ಚಳವಾಗಿ ಕಾಣುತ್ತದೆ.