ಸರ್ಕಾರದ ದ್ರವ್ಯವೂ ಊರಿನ ಸಂಪ್ರದಾಯವೂ

ಊರುಗಳ ಪ್ರಾಚೀನ ಕಲೆ, ಉತ್ಸವ, ಆಚಾರಗಳು ಅಳಿಯದಂತೆ ಸರ್ಕಾರದವರು ಬೊಕ್ಕಸದಿಂದ ದ್ರವ್ಯಸಹಾಯ ಮಾಡುವುದು ಯುಕ್ತವೇ ಎಂಬ ಪ್ರಶ್ನೆಯು ವಿದ್ಯಾವಂತರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆಯಷ್ಟೆ. ಹಸಿದವನಿಗೆ ಅನ್ನವಿಲ್ಲದಿರುವಾಗ ತೇರಿಗೆ ಬಣ್ಣವೇಕೆ ಎಂದು ಕೆಲವರು ಕೇಳುತ್ತಾರೆ. ಅರಸರು ಹೋದ ಮೇಲೆ ಅರಸರು ಮಾಡುತ್ತಿದ್ದುದನ್ನು ಸರ್ಕಾರವಲ್ಲದೆ ಮತ್ತಾರು ಮಾಡಬೇಕು ಎಂದು ಮತ್ತೆ ಕೆಲವರು ಕೇಳುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು. ಪರಂತು ಗಂಟು ಇರುವುದು ಬೇರೆ ಕಡೆಯಲ್ಲಿ ಎಂದು ನನಗೆ ತೋರುತ್ತದೆ.

ಬಾದಾಮಿಯ ಮೂರನೆಯ ಗುಹೆಯನ್ನು ನೋಡಿದವರಿಗೆ ಅಲ್ಲಿಯ ಶಾಸನಗಳ ನೆನಪಿರಬಹುದು. ಚಾಲುಕ್ಯ ಮಂಗಳೇಶನು ತನ್ನ ಅಣ್ಣನಾದ ಕೀರ್ತಿವರ್ಮನ ಆಳ್ವಿಕೆಯಲ್ಲಿ, ಕ್ರಿ. ಶ. 578ರಲ್ಲಿ, ಅಲ್ಲಿ ವಿಷ್ಣುವನ್ನು ಪ್ರತಿಷ್ಠಿಸಿ ಒಂದು ಗ್ರಾಮವನ್ನು ದತ್ತಿ ಬಿಟ್ಟುದನ್ನು ಸಂಸ್ಕೃತ ಶಾಸನವು ಹೇಳುತ್ತದೆ. ಅಲ್ಲಿಯೇ ಕನ್ನಡದ ಪುಟ್ಟ ಶಾಸನವೊಂದಿದೆ. ನಮ್ಮ ಭಾಷೆಯ ಅತಿ ಪ್ರಾಚೀನ ಶಾಸನಗಳಲ್ಲಿ ಅದೂ ಒಂದು. ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಕೊಟ್ಟುದನ್ನು ಅದು ಹೇಳಿ, ಹೂಮಾಲೆ ಕಟ್ಟುವವರನ್ನೂ ಹೆಸರಿಸಿ, ಈ ದತ್ತಿಯನ್ನು ಅಳಿದವನು ನರಕದ ಹುಳುವಾಗಲಿ ಎಂದು ಶಪಿಸುತ್ತದೆ. ಬಂಡೆಯನ್ನೇ ಕೊರೆಯಿಸಿದ ಪ್ರಭುವು ಅಷ್ಟಕ್ಕೇ ಕೃತಾರ್ಥನಾದೆನೆಂದು ಭಾವಿಸಲಿಲ್ಲ. ನಾಳೆ ಮಾಲೆಯನ್ನು ತರುವವನಾರು, ಅವನ ಮಕ್ಕಳು ಉಣ್ಣುವುದೇನು ಎಂಬುದನ್ನೂ ಎಣಿಸಿದನು. ಕೊಡುವುದಕ್ಕಿಂತ ಕೊಟ್ಟುದನ್ನು ಕಾಪಾಡುವುದು ಮೇಲು ಎಂದು ನಮ್ಮ ಹಿರಿಯರು ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರೆಯಿಸಿದುದು ಸುಮ್ಮನೆ ಅಲ್ಲ.

ಅದೇ ಬಾದಾಮಿಗೆ ನಮ್ಮ ಕಾಲದಲ್ಲಿಯೂ ಸರ್ಕಾರದ ಹಣ ಬಂದಿತು. 2015ನೆಯ ಇಸವಿಯ ಜನವರಿಯಲ್ಲಿ ಕೇಂದ್ರ ಸರ್ಕಾರದವರು ‘ಹೃದಯ್’ ಎಂಬ ಯೋಜನೆಯನ್ನು ಆರಂಭಿಸಿ, ಕಾಶಿ, ಗಯೆ, ಪುರಿ, ಕಂಚಿ, ಮಥುರೆಗಳೇ ಮೊದಲಾದ 12 ನಗರಗಳನ್ನು ಆರಿಸಿದರು. ನಮ್ಮ ನಾಡಿನಿಂದ ಸೇರಿದುದು ಬಾದಾಮಿಯೊಂದೇ. ಎಲ್ಲಕ್ಕೂ ಕೂಡಿ 500 ಕೋಟಿ ರೂಪಾಯಿ. 2019ರ ಮಾರ್ಚಿಗೆ ಯೋಜನೆ ಮುಗಿಯಿತು. ಅದರ ಮುಖ್ಯ ದೃಷ್ಟಿಯಿದ್ದುದು ಸ್ಮಾರಕಗಳ ಸುತ್ತಣ ಬೀದಿ, ದೀಪ, ನೀರು, ನೈರ್ಮಲ್ಯಗಳ ಮೇಲೆ. ಇದನ್ನು ನಾನು ನಿಂದಿಸಲಾರೆ. ಚರಂಡಿಯ ನಾರುವಿಕೆಯಲ್ಲಿ ನಿಂತು ಶಿಲ್ಪದ ಸೊಬಗನ್ನು ಸವಿಯುವ ಯೋಗಿಗಳು ವಿರಳ. ಆದರೆ ಹಾಸುಗಲ್ಲನ್ನು ಅಳೆಯಬಹುದು, ಲೆಕ್ಕದ ಪುಸ್ತಕವನ್ನು ಮುಚ್ಚಬಹುದು. ಮಾಲೆಗಾರನ ಕೆಲಸಕ್ಕಾದರೋ ಮುಕ್ತಾಯವೇ ಇಲ್ಲ. ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ಖಣವನ್ನು ನೇಯುವವನ ಕೈಯಲ್ಲಿರುವ ವಿದ್ಯೆಯು ಅವನ ಮಗನ ಕೈಗೆ ಇಳಿಯಬೇಕಾದರೆ ನಾಲ್ಕು ವರ್ಷದ ಯೋಜನೆಯಿಂದ ಆದೀತೆ?

ಹಾಗೆಂದು ಸರ್ಕಾರದ ಹಣವಿಲ್ಲದೆ ಯಾವುದೂ ಬಾಳದೆಂದೂ ಹೇಳುವಂತಿಲ್ಲ. ಬಾದಾಮಿಯ ಪಕ್ಕದ ಬನಶಂಕರಿಯಲ್ಲಿ ಪುಷ್ಯಮಾಸದ ಜಾತ್ರೆಗೆ ನಾಟಕದ ಕಂಪನಿಗಳು ಬಂದು ಡೇರೆ ಹೊಡೆಯುತ್ತವೆ. ರೈತರು ಸಂಸಾರಸಮೇತರಾಗಿ ಬಂದು, ಟಿಕೀಟು ಕೊಂಡು, ಬೆಳಗಿನ ಜಾವದವರೆಗೆ ನೋಡುತ್ತಾರೆ. ಅಲ್ಲಿಯ ಕೆಲವು ಹಾಸ್ಯಗಳು ನನ್ನಂಥ ಪಾಠಶಾಲೆಯ ಮುದುಕನಿಗೆ ರುಚಿಸುವುದಿಲ್ಲವೆಂಬುದು ಬೇರೆ ಮಾತು. ಜನರು ತಮ್ಮ ಗಂಟಿನಿಂದ ಕೊಡುವ ವಸ್ತುವನ್ನು ಜನರು ತಮ್ಮದೆಂದು ಬಲ್ಲರು.

ಮೈಸೂರಿನ ದಸರೆಯ ಮಾತು ಎಲ್ಲರಿಗೂ ತಿಳಿದುದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮೊದಲು ಮಾಡಿದ ಉತ್ಸವವು, 1971ರಲ್ಲಿ ರಾಜಧನವು ನಿಂತ ಮೇಲೆ ರಾಜ್ಯ ಸರ್ಕಾರದ ನಾಡಹಬ್ಬವಾಯಿತು. ಅರಸರು ಕುಳಿತ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯು ಬಿಜಯಂಗೈಯುತ್ತಾಳೆ. ಅಂಥ ಮಹೋತ್ಸವಕ್ಕೆ ಬೊಕ್ಕಸವೇ ಆಧಾರವಾದುದು ಅನಿವಾರ್ಯ. ನನ್ನ ಸಂದೇಹವಿರುವುದು ಸಣ್ಣ ಊರುಗಳ ವಿಷಯದಲ್ಲಿ, ಮತ್ತು ಆ ಸಂದೇಹಕ್ಕೆ ಕಾರಣ ನನ್ನದೇ ಒಂದು ತಪ್ಪು.

ನಮ್ಮೂರಿನ ರಥೋತ್ಸವಕ್ಕೆ ಹಿಂದೆ ಮನೆಮನೆಯಿಂದ ಹಿಡಿ ಅಕ್ಕಿ ಬರುತ್ತಿತ್ತು. ಪಂಜಿನ ಎಣ್ಣೆ ಒಬ್ಬರದು, ಓಲಗದವರ ಊಟ ಇನ್ನೊಬ್ಬರದು. ಕೆಲವು ವರ್ಷಗಳ ಹಿಂದೆ ಅರ್ಜಿ ಬರೆದು ಸರ್ಕಾರದ ಅನುದಾನವನ್ನು ತರಿಸಿದವನು ನಾನೇ. ಮಂಟಪದಲ್ಲಿ ನಿಂತು, ಇನ್ನು ಮುಂದೆ ಯಾರೂ ಏನನ್ನೂ ಕೊಡಬೇಕಾಗಿಲ್ಲವೆಂದು ಹೆಮ್ಮೆಯಿಂದ ಸಾರಿದವನೂ ನಾನೇ. ಮೂರು ವರ್ಷ ಸುಗಮವಾಗಿ ನಡೆಯಿತು. ನಾಲ್ಕನೆಯ ವರ್ಷ ಹಣವು ಸಕಾಲಕ್ಕೆ ಬರಲಿಲ್ಲ. ಚೀಲ ಹಿಡಿದು ಹೊರಟಾಗ, ಪ್ರತಿವರ್ಷವೂ ತಪ್ಪದೆ ಅಕ್ಕಿ ಅಳೆಯುತ್ತಿದ್ದ ವೃದ್ಧೆಯೊಬ್ಬಳು ಬಾಗಿಲಲ್ಲೇ ನಿಂತು, “ಬೇಡವೆಂದವರು ನೀವೇ ಅಲ್ಲವೇ, ಮೇಷ್ಟ್ರೇ?” ಎಂದಳು. ಅವಳು ಕೋಪದಿಂದ ಆಡಿದ ಮಾತಲ್ಲ ಅದು. ತನ್ನ ಪಾಲನ್ನು ನಾನು ಕಿತ್ತುಕೊಂಡೆನೆಂಬ ನೋವು ಅದರಲ್ಲಿತ್ತು. ತೇರು ಆ ವರ್ಷವೂ ಎಳೆಯಲ್ಪಟ್ಟಿತು, ಸಾಲ ತಂದು. ಓಲಗದ ಹಿರಿಯನ ಮಗನು ಮಾತ್ರ ಬೆಂಗಳೂರಿಗೆ ಹೋಗಿ ಬಾಡಿಗೆಯ ಕಾರು ನಡೆಸುತ್ತಿದ್ದನು. ವಾದ್ಯವು ಧ್ವನಿವರ್ಧಕದಿಂದ ಕೇಳಿಸಿತು.

ಸರ್ಕಾರವು ಕೊಡಬಾರದೆಂದು ಇದರಿಂದ ಸಿದ್ಧವಾಗುವುದಿಲ್ಲ. ಪ್ರಜೆಗಳ ಹಣವು ಪ್ರಜೆಗಳ ವಿದ್ಯೆಯನ್ನು ಕಾಯುವುದು ಋಣಪರಿಹಾರವೇ ಹೊರತು ಭಿಕ್ಷೆಯಲ್ಲ. ಆದರೆ ಅದು ಹಿಡಿ ಅಕ್ಕಿಯ ಜೊತೆಗೆ ಬರಬೇಕು, ಅದರ ಬದಲಿಗೆ ಅಲ್ಲ. ಕಲ್ಲಿಗಿಂತ ಮೊದಲು ಕೈಗೆ ಸಲ್ಲಬೇಕು.

ಈ ವರ್ಷದ ಅರ್ಜಿಯನ್ನು ಬರೆಯುವ ಕೆಲಸವು ಪುನಃ ನನ್ನ ಪಾಲಿಗೆ ಬಂದಿದೆ. ಓಲಗವನ್ನು ಕಲಿಯಲೊಪ್ಪಿದ ಇಬ್ಬರು ಹುಡುಗರಿಗೆ ಮಾಸಾಶನವೆಂಬುದನ್ನು ಮೊದಲನೆಯ ಸಾಲಿನಲ್ಲಿ ಬರೆದೆನು. ನಮೂನೆಯಲ್ಲಿ ಅದಕ್ಕೆ ಕಲಮಿಲ್ಲವೆಂದು ಗುಮಾಸ್ತರು ಹೇಳಿದರು. ಬೇರೆ ಕಾಗದದಲ್ಲಿ ಬರೆದು ಲಗತ್ತಿಸಿದ್ದೇನೆ.